ಬಿಡಾರದವರ ವಿಳಾಸ



ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಅಮೇರಿಕೆಯಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ದರ್ಶನಕ್ಕೆ ಬಂದಿದ್ದರು. ಕುಶಲಪ್ರಶ್ನೆಗಳಾದ ಮೇಲೆ ಅಲ್ಲಿಯ ಒಂದು ಸಂಗತಿಯನ್ನು ಹೇಳಿದರು. ಬೇಸಿಗೆಯ ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಸರೋವರದ ದಂಡೆಯ ಒಂದು ಶಿಬಿರಸ್ಥಳಕ್ಕೆ ಹೋಗಿದ್ದರಂತೆ. ಅಲ್ಲಿ ಬಾಗಿಲಲ್ಲಿ ನಿಂತು ಚೀಟಿ ಕೊಡುವವರು, ಬಂದವರಿಗೆ ಜಾಗ ತೋರಿಸುವವರು, ಕಸ ಬಳಿಯುವವರು, ನೀರಿನ ನಳ ನೋಡಿಕೊಳ್ಳುವವರು ಎಲ್ಲರೂ ಎಪ್ಪತ್ತರ ಹತ್ತಿರದ ಒಬ್ಬ ಗಂಡ, ಒಬ್ಬ ಹೆಂಡತಿ, ಇಬ್ಬರೇ. ಅವರಿಗೆ ಬೇರೆ ಮನೆಯಿಲ್ಲ. ಒಲೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವನ್ನೂ ಒಳಗೊಂಡ ಒಂದು ಮೋಟಾರು ಗಾಡಿಯೇ ಅವರ ಮನೆ. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿ ದುಡಿಮೆ. ಅದಕ್ಕೆ ಪ್ರತಿಯಾಗಿ ಗಾಡಿ ನಿಲ್ಲಿಸಲು ಸ್ಥಳ, ನೀರು, ವಿದ್ಯುತ್ತು, ಒಂದಿಷ್ಟು ಸಂಬಳ. ಚಳಿ ಬಂದೊಡನೆ ದಕ್ಷಿಣದ ಬೆಚ್ಚಗಿನ ಸೀಮೆಗೆ ಪಯಣ. ಹೀಗೆ ವರ್ಷವೆಲ್ಲ ಗಾಡಿಯಲ್ಲಿಯೇ ಬಾಳುವವರು ಆ ದೇಶದಲ್ಲಿ ಬಹಳ ಮಂದಿ ಇರುವರೆಂದೂ, ಕೆಲವರು ಇಷ್ಟಪಟ್ಟು, ಇನ್ನು ಕೆಲವರು ಮನೆಯ ಸಾಲವನ್ನೋ ಬಾಡಿಗೆಯನ್ನೋ ತೀರಿಸಲಾರದೆ ಈ ದಾರಿ ಹಿಡಿದಿರುವರೆಂದೂ ತಿಳಿಸಿದರು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ ಇಂಥವರ ಮೇಲೆ 2017ರಲ್ಲಿ ಒಂದು ಪುಸ್ತಕ ಬರೆದರೆಂದೂ, ಅದನ್ನು ಆಧರಿಸಿದ 'ನೋಮ್ಯಾಡ್‌ಲ್ಯಾಂಡ್' ಎಂಬ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತೆಂದೂ ಹೇಳಿದರು. ಕೊನೆಗೆ, "ವಯಸ್ಸಾದ ಕಾಲಕ್ಕ ಸ್ವಂತ ಮನಿ ಇಲ್ಲ, ಊರಿಲ್ಲ. ಅದೆಂಥಾ ಬಾಳ್ವೆರಿ ಅಪ್ಪಾವ್ರ!" ಎಂದು ಮರುಗಿದರು.

ನಾವು ಆಗ ಏನನ್ನೂ ಹೇಳಲಿಲ್ಲ. ಪ್ರಸಾದಕ್ಕೆ ಹೊತ್ತಾಯಿತೆಂದು ಮಾತು ಮುಗಿಸಿದೆವು. ಆದರೆ ಅಂದಿನ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಏಕೆಂದರೆ ಅಂಥದೇ ಬಾಳ್ವೆಯ ಅನ್ನವನ್ನು ನಾವೂ ಒಂದು ಬೇಸಿಗೆ ಉಂಡವರು. ಈ ಸಂಗತಿಯನ್ನು ಇಷ್ಟು ವರ್ಷ ಯಾವ ವೇದಿಕೆಯಲ್ಲಿಯೂ ಹೇಳಿರಲಿಲ್ಲ, ಈ ಪತ್ರಿಕೆಯಲ್ಲಿಯೂ ಬರೆದಿರಲಿಲ್ಲ. ಇಂದು ಬರೆಯುತ್ತಿದ್ದೇವೆ.

ಅದು 1986ರ ಬೇಸಿಗೆ. ಆಗ ಕುಕನೂರು ರಾಯಚೂರು ಜಿಲ್ಲೆಯ ಯಲಬುರ್ಗಾ ತಾಲೂಕಿಗೆ ಸೇರಿದ ಊರು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಕುಕನೂರು ತಾಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ನಾವು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಫಲಿತಾಂಶದ ದಾರಿ ಕಾಯುತ್ತಿದ್ದ ಹದಿನಾರರ ಪ್ರಾಯದವರು. ಪ್ರಸಾದನಿಲಯಕ್ಕೆ ಬೇಸಿಗೆಯ ರಜೆ; ಮನೆಯಲ್ಲಿ ಇನ್ನೊಂದು ಹೊಟ್ಟೆಗೆ ಜೋಳವಿರಲಿಲ್ಲ. ನಮ್ಮ ಪೂರ್ವಾಶ್ರಮದ ಸೋದರಮಾವನವರು ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಕಾಲಿನಿಂದ ಗಾಳಿ ತುಂಬಿ ನುಡಿಸುವ ಆ ವಾದ್ಯಕ್ಕೆ ನಮ್ಮ ಕಡೆ ಕಾಲಪೆಟಗಿ ಎನ್ನುವರು. ಆ ಕಂಪನಿ ಕುಕನೂರಿಗೆ ಬಂದು ಇಳಿದಿತ್ತು. ಮಾವನವರು ಮಾಲಕರೊಡನೆ ಮಾತನಾಡಿ ನಮ್ಮನ್ನು ಸೇರಿಸಿಕೊಂಡರು. ಎರಡು ಹೊತ್ತಿನ ಊಟ, ಮಲಗಲು ಜಾಗ, ದಿನಕ್ಕೆ ಎರಡು ರೂಪಾಯಿ.

ನಾಟಕ ಕಂಪನಿಗಳ ದಿನಚರಿಯನ್ನು ಇಂದಿನ ತರುಣ ವಾಚಕರು ಅರಿಯರು. ಆದುದರಿಂದ ನಾಲ್ಕು ಮಾತು ಬರೆಯುವುದು ಅವಶ್ಯ. ಕಂಪನಿ ಬೀಡುಬಿಟ್ಟ ಊರಿಗೆ 'ಕ್ಯಾಂಪು' ಎನ್ನುವರು. "ಈ ಸಲ ಎಲ್ಲಿ ಕ್ಯಾಂಪು?" ಎಂಬುದೇ ಇಬ್ಬರು ಕಲಾವಿದರು ಕೂಡಿದಾಗ ಮೊದಲ ಪ್ರಶ್ನೆ. ಕುಕನೂರಿನ ಗುದ್ನೇಶ್ವರ ಜಾತ್ರೆ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ ಇವೆಲ್ಲ ಚಳಿಗಾಲದವು. ಅವು ಮುಗಿದ ಮೇಲೆ ಬೇಸಿಗೆಯೇ ಕಂಪನಿಗೆ ಸುಗ್ಗಿ. ಬಿಳಿಜೋಳ, ಕಡಲೆಯ ರಾಶಿಯಾಗಿ ರೈತನ ಕೈ ಬಿಡುವಾಗಿರುತ್ತದೆ, ಕೈಯಲ್ಲಿ ನಾಲ್ಕು ಕಾಸೂ ಆಡುತ್ತಿರುತ್ತದೆ. ಹೊಲದಲ್ಲಿ ಕೆಲಸವಿಲ್ಲ, ಮನೆಯೊಳಗೆ ಸೆಕೆ. ಜನ ನಡುರಾತ್ರಿಯವರೆಗೆ ಬಯಲಿನಲ್ಲಿ ಕೂಡಬಲ್ಲರು. ಮಿರಗದ ಮಳೆ ಬಿತ್ತೆಂದರೆ ಎರಡೂ ಮುಗಿದವು: ರೈತ ಹೊಲಕ್ಕೆ ಹೋಗುವನು, ಥೇಟರಿನ ನೆಲ ಕೆಸರಾಗುವುದು. ಯುಗಾದಿಯಿಂದ ಮಿರಗದವರೆಗಿನ ಆ ಎರಡು ತಿಂಗಳಲ್ಲಿ ಗಳಿಸಿದ್ದು ಮಳೆಗಾಲವನ್ನು ದಾಟಿಸಬೇಕು.

ಒಂದೂವರೆ ಲಾರಿಯಷ್ಟು ಸಾಮಾನು. ಕಂಬಗಳು, ತಗಡು, ತಟ್ಟು, ಬೆಂಚು, ಕುರ್ಚಿ, ಜನರೇಟರು, ಪರದೆಗಳ ಸುರುಳಿಗಳು, ವೇಷಭೂಷಣಗಳ ಪೆಟ್ಟಿಗೆಗಳು. ಇವುಗಳ ಮೇಲೆ ಹೆಂಗಸರು, ಮಕ್ಕಳು, ಅಡುಗೆಯ ಪಾತ್ರೆಗಳು. ಲಾರಿಯಿಂದ ಇಳಿದ ನಾಲ್ಕೈದು ದಿನಗಳಲ್ಲಿ ಬಯಲಿನಲ್ಲಿ ಒಂದು ಥೇಟರು ಎದ್ದು ನಿಲ್ಲುತ್ತಿತ್ತು. ರಂಗದ ಹಿಂಭಾಗದಲ್ಲಿ ಹಳೆಯ ಪರದೆಗಳನ್ನೇ ಗೋಡೆಯಾಗಿ ಇಳಿಬಿಟ್ಟು ಒಂದೊಂದು ಸಂಸಾರಕ್ಕೆ ಒಂದೊಂದು ಖೋಲಿ ಮಾಡಿಕೊಡುವರು. ಅದೇ ಬಿಡಾರ. ಮೂರು ಕಲ್ಲಿನ ಒಲೆ, ಒಂದು ಕೊಡ ನೀರು, ಒಂದು ಕಬ್ಬಿಣದ ಟ್ರಂಕು. ಅರಮನೆಯ ಚಿತ್ರ ಬರೆದ ಹರಕು ಪರದೆಯ ಕೆಳಗೆ ಕಂಬಕ್ಕೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ತೂಗುತ್ತಿದ್ದುದನ್ನು ನಾವು ಕಂಡಿದ್ದೇವೆ. ಮದುವೆಯಾಗದ ಗಂಡಸರು ನಾಟಕ ಮುಗಿದ ಮೇಲೆ ರಂಗದ ಹಲಗೆಯ ಮೇಲೆಯೇ ಮಲಗುತ್ತಿದ್ದರು. ನಮ್ಮ ಹಾಸಿಗೆ ಮಾವನವರ ಟ್ರಂಕಿನ ಮಗ್ಗುಲು.

ನಮ್ಮ ಕೆಲಸವೋ ನೂರೆಂಟು. ಮುಂಜಾನೆ ಮೈದಾಹಿಟ್ಟಿನ ಅಂಟು ಕಾಯಿಸಿ ಗೋಡೆಗಳಿಗೆ ಜಾಹೀರಾತು ಹಚ್ಚುವುದು. ಮಧ್ಯಾಹ್ನ ಸುತ್ತಿನ ಹಳ್ಳಿಗಳಲ್ಲಿ ಹ್ಯಾಂಡ್‌ಬಿಲ್ಲು ಹಂಚುವುದು. ಸಂಜೆ ಬಾಗಿಲಲ್ಲಿ ನಿಂತು ಟಿಕೇಟು ಹರಿಯುವುದು. ಪರದೆ ಎದ್ದ ಮೇಲೆ ಪಕ್ಕದಲ್ಲಿ ಕುಳಿತು, ಮಾತು ಮರೆತ ನಟನಿಗೆ ಸಣ್ಣ ದನಿಯಲ್ಲಿ ಮಾತು ಒದಗಿಸುವುದು. ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕವು 1974ರಲ್ಲಿಯೇ ಚಲನಚಿತ್ರವಾಗಿ ನಾಡೆಲ್ಲ ನೋಡಿದ್ದರೂ, ನಮ್ಮ ಕ್ಯಾಂಪಿನಲ್ಲಿ ಅದನ್ನು ಹಚ್ಚಿದ ದಿನ ಜನ ತುಂಬುತ್ತಿದ್ದರು. ಕುಕನೂರಿನಿಂದ ಯಲಬುರ್ಗಾ, ಅಲ್ಲಿಂದ ಕುಷ್ಟಗಿ. ಹೀಗೆ ಆ ಬೇಸಿಗೆ ಕಳೆಯಿತು. ಇಂದಿಗೂ ನಮ್ಮ ಪ್ರವಚನದ ದನಿ ಕೊನೆಯ ಸಾಲಿನವರೆಗೆ ತಲುಪುತ್ತದೆಂದು ಭಕ್ತರು ಹೇಳುವುದುಂಟು. ಆ ವಿದ್ಯೆಯನ್ನು ನಾವು ಶಿವಯೋಗಮಂದಿರದಲ್ಲಿ ಕಲಿಯಲಿಲ್ಲ, ಧಾರವಾಡದ ವಿಶ್ವವಿದ್ಯಾಲಯದಲ್ಲಿಯೂ ಕಲಿಯಲಿಲ್ಲ. ಆ ಕಂಪನಿಯ ಹಿರಿಯ ನಟರನ್ನು ನೋಡಿ ಕಲಿತೆವು.

ಕುಷ್ಟಗಿಯ ಕ್ಯಾಂಪಿನಲ್ಲಿ ಒಂದು ರಾತ್ರಿ ಮಾವನವರನ್ನು ಕೇಳಿದೆವು: "ಮಾಮಾ, ನಿನಗ ಮನಿ ಬೇಕಂತ ಅನಸೂದಿಲ್ಲೇನು?" ಅವರು ಬೀಡಿ ಆರಿಸಿ ಹೇಳಿದರು: "ತಮ್ಮಾ, ಮನಿ ಅಂದ್ರ ಬರೇ ಗ್ವಾಡಿ ಅಲ್ಲಪಾ. ರಾತ್ರಿ ನೀ ಬರಲಿಲ್ಲಂದ್ರ 'ಎಲ್ಲಿ ಹ್ವಾದಾ' ಅಂತ ಯಾರು ಕೇಳ್ತಾರ, ಅದು ಮನಿ. ಇಲ್ಲಿ ಮೂವತ್ತು ಮಂದಿ ಕೇಳ್ತಾರ. ನನಗ ಇಲ್ಲದ್ದು ಮನಿ ಅಲ್ಲ. ಪೋಸ್ಟಿನವಗ ನನ್ನ ಪತ್ರ ಎಲ್ಲಿ ಕೊಡಬೇಕಂತ ತಿಳಿಯೂದಿಲ್ಲ, ಅಷ್ಟ ನೋಡು." ಮಾತು ನಗುತ್ತಲೇ ಆಡಿದ್ದು. ಅದರ ಅರ್ಥ ನಮಗೆ ಆಗ ಆಗಲಿಲ್ಲ.

ಫಲಿತಾಂಶ ಬಂದಿತು; ಪಾಸಾದೆವು. ಹಿರಿಯ ಗುರುಗಳು ನಮ್ಮನ್ನು ಸಂಸ್ಕೃತ ಕಲಿಯಲು ಕಳುಹಿಸಿದರು. ಮುಂದೆ ದೀಕ್ಷೆ, ಧಾರವಾಡದಲ್ಲಿ ಎಂ.ಎ., ಆ ಮೇಲೆ ಈ ಪೀಠದ ಹೊಣೆ. ಬೇಸಿಗೆಯ ಆ ಎರಡು ತಿಂಗಳನ್ನು ಮುಚ್ಚಿಟ್ಟೆವು. ಪೂರ್ವಾಶ್ರಮದ ನಂಟನ್ನು ನೆನೆಯಬಾರದೆಂಬ ನಿಯಮ ನಮಗೆ ಒಳ್ಳೆಯ ಮರೆಯಾಯಿತು. ಬಂಧುಗಳೇ, ನಿಯಮ ಬೇರೆ, ನಾಚಿಕೆ ಬೇರೆ. ನಾವು ನಾಚಿಕೆಗೆ ನಿಯಮದ ಹೆಸರನ್ನು ಇಟ್ಟುಕೊಂಡಿದ್ದೆವು.

2004ರಲ್ಲಿ ನಡೆದುದನ್ನು ಈಗ ಹೇಳಬೇಕು. ಜಾತ್ರೆಗೆ ಮುನ್ನ ಒಂದು ಕಂಪನಿಯವರು ಮಠದ ಬಯಲನ್ನು ಒಂದು ತಿಂಗಳಿಗೆ ಕೇಳಲು ಬಂದರು. ಆ ಹೊತ್ತಿಗೆ ದೂರದರ್ಶನ, ವೀಡಿಯೋಗಳ ಪೈಪೋಟಿಯಲ್ಲಿ ಹಲವು ಕಂಪನಿಗಳು ಮುಚ್ಚಿದ್ದವು. ಉಳಿದವು ಜನರನ್ನು ಹಿಡಿದಿಡಲು ಎರಡರ್ಥದ ಮಾತುಗಳಿಗೆ ಇಳಿದಿದ್ದವು. ಮಠದ ಹಿರಿಯರು ಬೇಡವೆಂದರು. ದೊಡ್ಡ ತಿರುಗುತೊಟ್ಟಿಲಿನವರು ಹೆಚ್ಚಿನ ಬಾಡಿಗೆ ಕೊಡಲು ಸಿದ್ಧರಿದ್ದರೆಂಬುದೂ ನಿಜ. ನಾವು ಮಾಲಕರಿಗೆ, "ಅಶ್ಲೀಲಕ್ಕೆ ಮಠದ ನೆಲ ಸಿಗದು" ಎಂದುಬಿಟ್ಟೆವು. ಅವರ ಹಿಂದೆ ಬಾಗಿಲ ಬಳಿ ನಿಂತಿದ್ದ ಮುದುಕರೊಬ್ಬರು ನಮ್ಮ ಮುಖ ನೋಡಿ, ಕೈಜೋಡಿಸಿ, ಒಂದೂ ಮಾತಿಲ್ಲದೆ ಹೊರಟುಹೋದರು. ಅವರು ನಮ್ಮ ಮಾವನವರು. ನಮಗೆ ಗುರುತು ಸಿಕ್ಕಿತ್ತು. ಕೂಗಿ ಕರೆಯಲಿಲ್ಲ.

ಎರಡು ವರ್ಷಗಳ ಮೇಲೆ ಯಾವುದೋ ಕ್ಯಾಂಪಿನಲ್ಲಿ ಅವರು ಲಿಂಗೈಕ್ಯರಾದ ಸುದ್ದಿ ಬಂದಿತು. ಸುದ್ದಿ ತಲುಪುವ ಹೊತ್ತಿಗೆ ಮೂರು ದಿನಗಳಾಗಿದ್ದವು. ಯಾರಿಗೆ ತಿಳಿಸಬೇಕು, ಎಲ್ಲಿಗೆ ತಿಳಿಸಬೇಕು ಎಂಬುದು ಕಂಪನಿಯವರಿಗೆ ಗೊತ್ತಾಗಲಿಲ್ಲವಂತೆ. ಅವರು ಹೇಳಿದ್ದ ಪೋಸ್ಟಿನವನ ಮಾತು ಅಂದು ನಮಗೆ ಅರ್ಥವಾಯಿತು.

ಇನ್ನೊಂದು ವಿಷಯವನ್ನು ನೆನೆದರೆ ನಮಗೆ ಇನ್ನೂ ಹೆಚ್ಚಿನ ಸಂಕೋಚವಾಗುತ್ತದೆ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ಶಿಷ್ಯರನ್ನು ಕರೆದುಕೊಂಡು ಊರೂರು ತಿರುಗುತ್ತ ಸಂಗೀತ ಪಾಠಶಾಲೆ ನಡೆಸಿದರು. ಅಂಧ ಅನಾಥ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದೊಡನೆ ಆ ಕಂಪನಿಯನ್ನೂ ನಡೆಸಿದರು, ನಾಟಕಗಳನ್ನೂ ಬರೆದರು. ಕುಕನೂರಿನವರೇ ಆದ ನಟಿ ರಹಿಮಾನವ್ವ ಕಲ್ಮನಿಯವರ ಹೆಸರನ್ನು ನಮ್ಮ ಸೀಮೆಯ ಹಿರಿಯರು ಇಂದಿಗೂ ಗೌರವದಿಂದ ಎತ್ತುತ್ತಾರೆ. ಏಣಗಿ ಬಾಳಪ್ಪನವರು 2017ರಲ್ಲಿ ಕಣ್ಮುಚ್ಚುವವರೆಗೆ, ನೂರು ದಾಟಿದ ವಯಸ್ಸಿನಲ್ಲಿಯೂ, ಆ ವೃತ್ತಿಯ ಘನತೆಗೆ ಸಾಕ್ಷಿಯಾಗಿ ನಮ್ಮ ನಡುವೆ ಇದ್ದರು. ಇದೆಲ್ಲವನ್ನೂ ಓದಿ ಬಲ್ಲ ನಾವು ಒಂದೇ ಮಾತಿನಲ್ಲಿ ಬಾಗಿಲು ಹಾಕಿದೆವು. ಕೆಟ್ಟ ಮಾತನ್ನು ಬೇಡವೆನ್ನಬಹುದಿತ್ತು, ಆಡುವವರನ್ನೇ ಬೇಡವೆಂದೆವು. ಇಂಥ ನಾಟಕವನ್ನೇ ಆಡಿರೆಂದು ಹೇಳಿ ನೆಲ ಕೊಡಬಹುದಿತ್ತು. ಆ ಯೋಚನೆಯೇ ನಮಗೆ ಬರಲಿಲ್ಲ.

2020ರ ಮಾರ್ಚ್ 25, ಯುಗಾದಿಯ ದಿನ. ಅಂದಿನಿಂದಲೇ ದೇಶಕ್ಕೆಲ್ಲ ಲಾಕ್‌ಡೌನು. ಕಂಪನಿಗಳ ಸುಗ್ಗಿ ಮೊದಲಾಗುವ ದಿನವೇ ಎಲ್ಲವೂ ನಿಂತಿತು. ಎಂಟು ಹತ್ತು ದಿನಗಳ ಮೇಲೆ ಭಕ್ತರೊಬ್ಬರು ಬಂದು, ಊರ ಹೊರಗೆ ಒಂದು ಖಾಸಗಿ ಹೊಲದಲ್ಲಿ ನಾಟಕದವರು ಸಿಕ್ಕಿಕೊಂಡಿದ್ದಾರೆ, ಜೋಳದ ಹಿಟ್ಟು ತೀರಿದೆ ಎಂದರು. ನಾವು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋದೆವು. ಅರ್ಧ ಕಟ್ಟಿದ ಥೇಟರು, ಒಂದು ಲಾರಿ, ಇಪ್ಪತ್ತೆಂಟು ಜನ. ಪಡಿತರ ಚೀಟಿ ಇದ್ದವರದು ದೂರದೂರದ ಊರುಗಳ ಹೆಸರಿನಲ್ಲಿತ್ತು, ಕೆಲವರಿಗೆ ಚೀಟಿಯೇ ಇರಲಿಲ್ಲ. "ಮಠಕ್ಕ ಯಾಕ ಹೇಳಿ ಕಳಸಲಿಲ್ರವ್ವಾ?" ಎಂದು ಕೇಳಿದೆವು. ಒಬ್ಬ ಹಿರಿಯ ಕಲಾವಿದೆ ತಲೆಯ ಮೇಲೆ ಸೆರಗು ಎಳೆದುಕೊಂಡು, "ಮಠದವ್ರು ನಾಟಕದವ್ರನ್ನ ಒಲ್ಲರು ಅಂತ ಮಂದಿ ಹೇಳಿದ್ರು. ಅದಕ್ಕ ಬರಲಿಲ್ಲರಿ ಅಪ್ಪಾವ್ರ" ಎಂದಳು. ನಾವು ಆಡಿದ ಮಾತು ಹದಿನಾರು ವರ್ಷ ಈ ಸೀಮೆಯಲ್ಲಿ ತಿರುಗಾಡಿ ನಮ್ಮ ಮುಂದೆಯೇ ಬಂದು ನಿಂತಿತ್ತು.

ಅಂದಿನಿಂದ ದಾಸೋಹದ ಪ್ರಸಾದ ಅಲ್ಲಿಗೆ ಹೋಗತೊಡಗಿತು. ಅದನ್ನು ಹೇಳಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಆ ಕಾಲದಲ್ಲಿ ಎಲ್ಲ ಮಠಗಳೂ ಅದನ್ನು ಮಾಡಿದವು. ಹೇಳಬೇಕಾದದ್ದು ಆ ಕಲಾವಿದೆಯ ಮೊಮ್ಮಗಳ ವಿಷಯ. ಅವಳು ದೂರದ ಊರಿನ ಒಂದು ವಸತಿನಿಲಯದಲ್ಲಿದ್ದು ಎಸ್.ಎಸ್.ಎಲ್.ಸಿ. ಓದುತ್ತಿದ್ದಳು. ಪರೀಕ್ಷೆ ಮುಂದೆ ಹೋಯಿತು. ನಿಲಯ ಮುಚ್ಚಿ ಮಕ್ಕಳನ್ನೆಲ್ಲ ಮನೆಗೆ ಕಳುಹಿಸಿದರು. ಇವಳ ಮನೆಯೆಂದರೆ ಈ ಬಿಡಾರ. ಜೂನ್ 25ರಿಂದ ಪರೀಕ್ಷೆ ಎಂದು ಗೊತ್ತಾದಾಗ, ವಲಸೆ ಹೋದವರ ಮಕ್ಕಳು ಮತ್ತು ನಿಲಯಗಳ ಮಕ್ಕಳು ತಾವಿರುವ ಕಡೆಯ ಕೇಂದ್ರದಲ್ಲಿಯೇ ಬರೆಯಬಹುದೆಂದು ಸರಕಾರ ಅವಕಾಶ ಮಾಡಿಕೊಟ್ಟಿತ್ತು. ಆದರೆ ತಾನು ಇರುವುದೆಲ್ಲಿ ಎಂಬುದನ್ನು ಅವಳು ಬರೆದು ತೋರಿಸಬೇಕಷ್ಟೆ? ಅರ್ಜಿ ಹಿಡಿದುಕೊಂಡು ಮಠಕ್ಕೆ ಬಂದ ಹುಡುಗಿ, "ವಿಳಾಸ ಅಂತ ಐತ್ರಿ ಅಪ್ಪಾವ್ರ, ಏನ್ ಬರೀಲಿ?" ಎಂದು ಕೇಳಿದಳು.

ಹದಿನಾರರ ವಯಸ್ಸು, ಅದೇ ಪರೀಕ್ಷೆ, ಅದೇ ಬಿಡಾರ. ನಾವು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆ ಮೇಲೆ ಅವಳ ಕೈಯಿಂದ ಲೇಖನಿ ತೆಗೆದುಕೊಂಡು ಮಠದ ಹೆಸರನ್ನು ನಾವೇ ಬರೆದೆವು. ಮಠದ ಮುದ್ರೆಯೊಡನೆ ಒಂದು ಪತ್ರವನ್ನೂ ಕೊಟ್ಟೆವು. ಅವಳು ಪರೀಕ್ಷೆ ಬರೆದು ಪಾಸಾದಳು; ಮುಂದೆ ನಮ್ಮ ಕಡೆಯೇ ಓದಿದಳು. ಆದರೆ ಆ ಕಂಪನಿ ಉಳಿಯಲಿಲ್ಲ. ಸಾಲಕ್ಕೆ ಲಾರಿ ಹೋಯಿತು. ಕಲಾವಿದರು ಗಾರೆಯ ಕೆಲಸಕ್ಕೆ, ಹೋಟೆಲುಗಳಿಗೆ ಚದುರಿ ಹೋದರು. ಅದನ್ನು ತಡೆಯುವುದು ನಮ್ಮಿಂದ ಆಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ.

ಈಗ ಅಮೇರಿಕೆಯ ಆ ದಂಪತಿಗಳ ಮಾತಿಗೆ ಬರೋಣ. ಗಾಡಿಯಲ್ಲಿಯೇ ಬಾಳುವವರು ಚಾಲನೆಯ ಪರವಾನಿಗೆಯನ್ನು ಯಾವ ಊರಿನ ಹೆಸರಿನಲ್ಲಿ ಪಡೆಯುವರು, ಅವರ ಅಂಚೆ ಎಲ್ಲಿಗೆ ಹೋಗುವುದು ಎಂದು ಆ ಹಳೆಯ ವಿದ್ಯಾರ್ಥಿಯನ್ನು ಮರುದಿನ ಕೇಳಿದೆವು. ಅವರು ಹೇಳಿದ ವಿಷಯ ನಮಗೆ ಬಹಳ ಹಿಡಿಸಿತು. ಅಲ್ಲಿಯ ದಕ್ಷಿಣ ಡಕೋಟಾ ಎಂಬ ರಾಜ್ಯದಲ್ಲಿ ಅಂಥವರು ಒಂದು ರಾತ್ರಿ ತಂಗಿದ ರಸೀದಿಯನ್ನೂ, ಅಂಚೆಯನ್ನು ಪಡೆದು ಮುಂದಕ್ಕೆ ಕಳುಹಿಸುವ ಸಂಸ್ಥೆಯೊಂದರ ವಿಳಾಸವನ್ನೂ ತೋರಿಸಿದರೆ ಪರವಾನಿಗೆ ದೊರೆಯುತ್ತದೆಯಂತೆ. ಸದಾ ತಿರುಗುವವನಿಗೆ ಒಂದು ರಾಜ್ಯವು, "ನೀನು ನಮ್ಮವನು, ಬರೆದುಕೋ" ಎನ್ನುತ್ತದೆ. ಅವರ ಲೆಕ್ಕದಲ್ಲಿ ಅದು ವ್ಯವಹಾರವೇ ಇರಬಹುದು. ಆದರೂ ಒಂದು ರಾತ್ರಿಯ ರಸೀದಿಗೆ ದೊರೆಯುವ ಈ ಮನ್ನಣೆ, ಒಂದು ಜೀವಮಾನವೆಲ್ಲ ನಮ್ಮ ಊರುಗಳಲ್ಲಿ ಹಾಡಿದ ಕಾಲಪೆಟಗಿಯವನಿಗೆ ದೊರೆಯಲಿಲ್ಲ.

ಆದುದರಿಂದ ನಾವು ಕಂಡುಕೊಂಡದ್ದು ಇಷ್ಟು. ತಿರುಗುವವರಿಗೆ ಮನೆಯಿಲ್ಲವೆಂದು ಮರುಗುವುದು ಬೇಡ; ಮನೆಯನ್ನು ಅವರು ತಮ್ಮೊಡನೆ ಒಯ್ಯುತ್ತಾರೆ. ಅವರಿಗಿಲ್ಲದ್ದು ವಿಳಾಸ. ಅದನ್ನು ಅವರು ತಾವಾಗಿಯೇ ಮಾಡಿಕೊಳ್ಳಲಾರರು. ನೆಲೆ ನಿಂತವರು ಕೊಡಬೇಕು. ಜಂಗಮವೆಂದರೆ ಚಲಿಸುವುದು ಎಂದು ಪೀಠದ ಮೇಲೆ ಕುಳಿತು ಎಷ್ಟೋ ಸಲ ವ್ಯಾಖ್ಯಾನ ಮಾಡಿದ್ದೇವೆ. ಚಲಿಸುವ ಮನುಷ್ಯರು ಬಾಗಿಲಿಗೆ ಬಂದಾಗ ಮಾತ್ರ ಸ್ಥಾವರವಾಗಿ ಕುಳಿತುಬಿಟ್ಟಿದ್ದೆವು.

2021ರಿಂದ ನಮ್ಮ ಮಠದಲ್ಲಿ ಒಂದು ಪದ್ಧತಿ ಹಾಕಿಕೊಂಡಿದ್ದೇವೆ. ಜಾತ್ರೆಗೆ ಬರುವ ನಾಟಕದವರು, ತೊಟ್ಟಿಲಿನವರು, ಮಿಠಾಯಿ, ಬಳೆ, ಆಟಿಗೆಯ ಅಂಗಡಿಯವರು ಯಾರೇ ಆಗಲಿ, ನೆಲದ ಬಾಡಿಗೆಯ ಮಾತಿಗಿಂತ ಮೊದಲು ಅವರ ಬಿಡಾರಕ್ಕೆ ನೀರು, ದೀಪ, ಶೌಚಾಲಯ. ಜೊತೆಗೆ ಒಂದು ದಾಖಲೆ ಪುಸ್ತಕ: ಯಾರು, ಎಷ್ಟು ಮಕ್ಕಳು, ಯಾವ ತರಗತಿ, ಆಪತ್ತಿನಲ್ಲಿ ಯಾರಿಗೆ ತಿಳಿಸಬೇಕು. ಪತ್ರ ಬರಬೇಕಾದವರು ಮಠದ ವಿಳಾಸವನ್ನು ಕೊಡಬಹುದು. ನಾಟಕದವರಿಗೆ ನೆಲ ಕೊಡುತ್ತೇವೆ. ಯಾವ ನಾಟಕ ಎಂಬುದನ್ನು ಕೂಡಿ ಕುಳಿತು ಮಾತನಾಡಿ ನಿರ್ಧರಿಸುತ್ತೇವೆ. ಬಾಡಿಗೆ ಕಡಮೆ ಬರುತ್ತದೆ. ಮಠದ ಹಿರಿಯರು ಮೊದಲು ಗೊಣಗಿದರು, ಈಗ ಇಲ್ಲ.

ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳು ಈಗ ಎಷ್ಟೋ ಊರುಗಳಲ್ಲಿ ಶಿಕ್ಷಕರು, ಅಧಿಕಾರಿಗಳು, ಪಂಚಾಯತಿಯ ಸದಸ್ಯರು ಆಗಿದ್ದೀರಿ. ನಿಮ್ಮ ಊರ ಬಯಲಿನಲ್ಲಿ ಈ ಬೇಸಿಗೆ ಒಂದು ಗುಡಾರ ಎದ್ದರೆ, ಕುರಿಯವರ ಹಟ್ಟಿ ಇಳಿದರೆ, ಕಬ್ಬು ಕಡಿಯುವವರ ಗಾಡಿಗಳು ತಂಗಿದರೆ ಒಮ್ಮೆ ಹೋಗಿ ಮಕ್ಕಳ ಹೆಸರನ್ನು ಕೇಳಿರಿ. ಅರ್ಜಿಯ ಆ ಒಂದು ಸಾಲು ತುಂಬಲು ನಿಮ್ಮ ಲೇಖನಿ ಸಾಕು.

ಆ ಹಳೆಯ ವಿದ್ಯಾರ್ಥಿ ಹೊರಡುವಾಗ ನಮ್ಮ ಈ ಕಥೆಯನ್ನೆಲ್ಲ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಅಜ್ಜ ಅಜ್ಜಿ ಹೆಸರು ನಾ ಕೇಳಲೇ ಇಲ್ಲರಿ ಅಪ್ಪಾವ್ರ" ಎಂದರು. ಮುಂದಿನ ಬೇಸಿಗೆಗೆ ಅಲ್ಲಿಗೆ ಹೋದರೆ ಕೇಳಿಕೊಂಡು ಬನ್ನಿರೆಂದು ಹೇಳಿ ಕಳುಹಿಸಿದ್ದೇವೆ.